ಇಮ್ಮಿ ಕಂಪನಿಯ ಕ್ರ್ಯಾಗ್ ಸ್ಟ್ರಿಪ್: ಮಿದುಳುಪೊರೆಯ ಶಿಲೀಂಧ್ರ ಸೋಂಕಿಗೆ ಹತ್ತು ನಿಮಿಷದ ಪರೀಕ್ಷೆ

ಎಚ್‌ಐವಿ ಇರುವವರು ವಾರಗಟ್ಟಲೆ ತಲೆನೋವು, ಜ್ವರ, ವಾಂತಿ ಎಂದು ಬಂದರೆ ನಮ್ಮಲ್ಲಿ ಮೊದಲು ಟಿಬಿ ಮೆನಿಂಜೈಟಿಸ್ (ಕ್ಷಯದಿಂದಾಗುವ ಮಿದುಳುಪೊರೆಯ ಉರಿಯೂತ) ನೆನಪಾಗುತ್ತದೆ. ಕ್ರಿಪ್ಟೋಕಾಕಸ್ ಶಿಲೀಂಧ್ರವೂ ಅದೇ ವೇಷದಲ್ಲಿ ಬರುತ್ತದೆ. ಸಿಎಸ್‌ಎಫ್‌ನಲ್ಲಿ (ಮಿದುಳು, ಬೆನ್ನುಹುರಿಯ ಸುತ್ತಲಿನ ದ್ರವ) ಲಿಂಫೋಸೈಟ್ (ಒಂದು ಬಗೆಯ ಬಿಳಿ ರಕ್ತಕಣ), ಪ್ರೋಟೀನ್ ಹೆಚ್ಚು, ಗ್ಲೂಕೋಸ್ ಕಡಿಮೆ. ಕೆಲವೊಮ್ಮೆ ಸೆಲ್ ಕೌಂಟ್ ನಾರ್ಮಲ್ ಆಗಿಯೇ ಬಂದು ದಾರಿ ತಪ್ಪಿಸುವುದೂ ಉಂಟು. ಈ ಗೊಂದಲ ಬಿಡಿಸಲು ಅಮೆರಿಕದ ಒಕ್ಲಹೋಮಾದ ಇಮ್ಮಿ ಕಂಪನಿಯ, ಈ ಶಿಲೀಂಧ್ರದ ಆಂಟಿಜನ್ (ಅದರ ಗುರುತು ಹೇಳುವ ಅಂಶ) ಹಿಡಿಯುವ ಕ್ರ್ಯಾಗ್ ಸ್ಟ್ರಿಪ್‌ನಷ್ಟು ಅನುಕೂಲದ ಸಾಧನ ಬೇರೊಂದಿಲ್ಲ.

ಸಿಎಸ್‌ಎಫ್‌ಗೆ ಕಪ್ಪು ಶಾಯಿ ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡುವ ಹಳೆಯ ಇಂಡಿಯಾ ಇಂಕ್ ಅಗ್ಗ, ನಿಜ. ಆದರೆ ಶಿಲೀಂಧ್ರ ಕಡಿಮೆ ಇದ್ದಾಗ ಕಣ್ಣಿಗೆ ಬೀಳುವುದಿಲ್ಲ, ಪಳಗದ ಕಣ್ಣಿಗೆ ಲಿಂಫೋಸೈಟೇ ಯೀಸ್ಟ್ ಆಗಿ ಕಾಣುತ್ತದೆ. ಉಗಾಂಡ ಮತ್ತು ದಕ್ಷಿಣ ಆಫ್ರಿಕಾದಲ್ಲಿ 832 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಡಿಯಾ ಇಂಕ್ ಸುಮಾರು 86% ಪ್ರಕರಣ ಹಿಡಿದರೆ ಈ ಸ್ಟ್ರಿಪ್ 99% ದಾಟಿತ್ತು. ಕಲ್ಚರ್ (ಶಿಲೀಂಧ್ರವನ್ನು ಬೆಳೆಸಿ ನೋಡುವುದು) ಕೂಡ, ಹಾಕಿದ ಸಿಎಸ್‌ಎಫ್ ಕಡಿಮೆಯಾದಂತೆ, ಕೈಕೊಡುತ್ತದೆ.

ಕೆಲಸ ಸರಳ. ಟ್ಯೂಬಿಗೆ ಸ್ಪೆಸಿಮೆನ್ ಡೈಲ್ಯೂಯೆಂಟ್ (ಮಾದರಿ ತೆಳುಮಾಡುವ ದ್ರಾವಣ) ಒಂದು ಹನಿ, ಮೇಲೆ 40 ಮೈಕ್ರೋಲೀಟರ್ ಸೀರಂ, ಪ್ಲಾಸ್ಮಾ ಅಥವಾ ಸಿಎಸ್‌ಎಫ್, ಅದರೊಳಗೆ ಸ್ಟ್ರಿಪ್. ಹತ್ತು ನಿಮಿಷಕ್ಕೆ ಓದಬೇಕು. ಎರಡು ಗೆರೆ ಬಂದರೆ ಪಾಸಿಟಿವ್, ಪರೀಕ್ಷೆಯ ಗೆರೆ ಎಷ್ಟೇ ಮಸುಕಾಗಿರಲಿ. ಕಂಟ್ರೋಲ್ ಗೆರೆ (ಸ್ಟ್ರಿಪ್ ಕೆಲಸ ಮಾಡಿದೆ ಎನ್ನುವ ಗುರುತು) ಬರದಿದ್ದರೆ ಮತ್ತೆ ಮಾಡಿ. ಡಬ್ಬಿಯಲ್ಲಿ ತೇವ ಹೀರುವ ಪೊಟ್ಟಣ ಇರುತ್ತದೆ. ಸ್ಟ್ರಿಪ್ ತೆಗೆದ ತಕ್ಷಣ ಮುಚ್ಚಳ ಬಿಗಿ ಮಾಡದಿದ್ದರೆ, ಅದರಲ್ಲೂ ನಮ್ಮ ಕರಾವಳಿಯ ಮಳೆಗಾಲದಲ್ಲಿ, ಉಳಿದವನ್ನು ನಂಬುವುದು ಕಷ್ಟ.

ಎಡವುವುದು ಇನ್ನೊಂದು ಕಡೆ. ಆಂಟಿಜನ್ ಮಿತಿಮೀರಿದ್ದರೆ ಗೆರೆ ದಪ್ಪವಾಗುವ ಬದಲು ತೆಳುವಾಗುತ್ತದೆ, ಒಮ್ಮೊಮ್ಮೆ ಮಾಯವೇ ಆಗುತ್ತದೆ. ಗೆರೆಯಲ್ಲಿರುವ ಪ್ರತಿಕಾಯವನ್ನೂ ಬಂಗಾರದ ಕಣಕ್ಕೆ ಅಂಟಿದ ಪ್ರತಿಕಾಯವನ್ನೂ ಆಂಟಿಜನ್ ಬೇರೆಬೇರೆಯಾಗಿ ತುಂಬಿಬಿಡುವುದರಿಂದ ನಡುವಿನ ಕೊಂಡಿ ಕೂಡುವುದಿಲ್ಲ. ರೋಗಿಯ ಸ್ಥಿತಿ ಒಂದು ಹೇಳಿ ಸ್ಟ್ರಿಪ್ ಇನ್ನೊಂದು ಹೇಳಿದರೆ ಮಾದರಿಯನ್ನು ತೆಳುಮಾಡಿ ಮತ್ತೆ ನೋಡಿ. ಮೊದಲ ಟ್ಯೂಬಿಗೆ ಸ್ಪೆಸಿಮೆನ್ ಡೈಲ್ಯೂಯೆಂಟ್ ನಾಲ್ಕು ಹನಿ, ಮುಂದಿನವಕ್ಕೆ ಟೈಟ್ರೇಶನ್ ಡೈಲ್ಯೂಯೆಂಟ್ ಎರಡೆರಡು ಹನಿ. ಮೊದಲದಕ್ಕೆ 40 ಮೈಕ್ರೋಲೀಟರ್ ಮಾದರಿ ಬೆರೆಸಿ, 80 ಮೈಕ್ರೋಲೀಟರ್‌ನಂತೆ ಮುಂದಕ್ಕೆ ದಾಟಿಸುತ್ತ ಹೋದರೆ 1:5ರಿಂದ 1:2560ರವರೆಗೆ ಸಿಗುತ್ತದೆ. ಪ್ರತಿ ಸಲ ಟಿಪ್ ಬದಲಿಸಿ. ಒಂದು ಹೈ ಟೈಟರ್ (ಟೈಟರ್ ಎಂದರೆ ಎಷ್ಟು ತೆಳುಮಾಡಿದರೂ ಪಾಸಿಟಿವ್ ಬರುವ ಮಟ್ಟ) ಮಾದರಿಯ ಅಂಶ ಪಕ್ಕದ ಟ್ಯೂಬಿಗೆ ಹೋದರೂ ಇಷ್ಟು ಸೂಕ್ಷ್ಮವಾದ ಸ್ಟ್ರಿಪ್ ಅದನ್ನು ಹಿಡಿಯುತ್ತದೆ. ಟ್ರೈಕೋಸ್ಪೋರಾನ್ ಎಂಬ ಇನ್ನೊಂದು ಶಿಲೀಂಧ್ರದ ಸೋಂಕಿನಲ್ಲೂ ಸುಳ್ಳು ಪಾಸಿಟಿವ್ ಬರಬಹುದು.

ಚಿಕಿತ್ಸೆ ಶುರುವಾದ ಮೇಲೆ ವಾರಕ್ಕೊಮ್ಮೆ ಟೈಟರ್ ಕಳಿಸುವ ಚಾಳಿ ಬಿಡಬೇಕು. ಸತ್ತ ಶಿಲೀಂಧ್ರದ ಆಂಟಿಜನ್ ತಿಂಗಳುಗಟ್ಟಲೆ ಇರುತ್ತದೆ, ದುಡ್ಡು ದಂಡ. ಚಿಕಿತ್ಸೆ ಫಲಿಸುತ್ತಿದೆಯೇ ಎಂದು ತಿಳಿಯಲು ಸಿಎಸ್‌ಎಫ್ ಕಲ್ಚರ್ ಬೇಕು. ಹಾಗೆಯೇ, ಸೀರಂ ಪಾಸಿಟಿವ್ ಬಂತೆಂದು ಎಲ್‌ಪಿ (ಬೆನ್ನಿನಿಂದ ಸೂಜಿ ಹಾಕಿ ಸಿಎಸ್‌ಎಫ್ ತೆಗೆಯುವುದು) ಬಿಡುವಂತಿಲ್ಲ. ಇಲ್ಲಿ ಜೀವ ತೆಗೆಯುವುದು ಎಷ್ಟೋ ಸಲ ತಲೆಯೊಳಗಿನ ಒತ್ತಡವೇ. ಮಲಗಿಸಿ ಅಳೆದಾಗ 25 ಸೆಂ.ಮೀ. ನೀರಿನ ಮಟ್ಟ ಮೀರಿದರೆ 20ಕ್ಕಿಂತ ಕೆಳಗಿಳಿಯುವಷ್ಟು, ತೀರ ಹೆಚ್ಚಿದ್ದರೆ ಅರ್ಧದಷ್ಟಕ್ಕೆ ಇಳಿಯುವಷ್ಟು ದ್ರವ ತೆಗೆಯಬೇಕು. ತಲೆನೋವು ಮರಳಿದರೆ ಮರುದಿನವೇ ಮತ್ತೆ.

ಸ್ಟ್ರಿಪ್‌ಗೆ ನಿಜವಾಗಿ ಬೆಲೆ ಬರುವುದು ಸಿಡಿ4 (ಎಚ್‌ಐವಿ ನಾಶಮಾಡುವ ರೋಗನಿರೋಧಕ ಕಣಗಳ ಎಣಿಕೆ) 100ಕ್ಕಿಂತ ಕೆಳಗಿರುವವರ ರಕ್ತ ಪರೀಕ್ಷಿಸುವಾಗ. ಲಕ್ಷಣ ಕಾಣುವ ವಾರಗಳ ಮೊದಲೇ ರಕ್ತದಲ್ಲಿ ಆಂಟಿಜನ್ ಸಿಗುತ್ತದೆ, ಮೆನಿಂಜೈಟಿಸ್ ಇಲ್ಲವೆಂದು ಖಚಿತವಾದರೆ ಫ್ಲೂಕೊನಜೋಲ್ ಎಂಬ ಶಿಲೀಂಧ್ರನಾಶಕದಲ್ಲೇ ತಡೆಯಬಹುದು. ಎಆರ್‌ಟಿ (ಎಚ್‌ಐವಿ ಚಿಕಿತ್ಸೆಯ) ಕೇಂದ್ರಕ್ಕೆ ಇದನ್ನು ಕಣ್ಣುಮುಚ್ಚಿ ಶಿಫಾರಸು ಮಾಡಬಹುದು. ಆದರೆ ವರ್ಷಕ್ಕೆ ನಾಲ್ಕೈದು ಪರೀಕ್ಷೆಯ ಲ್ಯಾಬ್‌ಗೆ 50 ಸ್ಟ್ರಿಪ್‌ನ ಕಿಟ್ ತರಿಸಿದರೆ ಅವಧಿ ಮುಗಿದು ಕಸಕ್ಕೆ ಹೋಗುತ್ತದೆ. ಅಂಥವರು ಮಾದರಿಯನ್ನು ದೊಡ್ಡ ಕೇಂದ್ರಕ್ಕೆ ಕಳಿಸುವುದೇ ಲೇಸು.

ಕಿಟ್ ತರಿಸುವ ಮುನ್ನ ಔಷಧದ ದಾಸ್ತಾನನ್ನೂ ನೋಡಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಕ್ರಮದಲ್ಲಿ ಲೈಪೋಸೋಮಲ್ ಆಂಫೋಟೆರಿಸಿನ್ (ಕೊಬ್ಬಿನ ಕಣಗಳಲ್ಲಿ ಅಡಕವಾದ ಶಿಲೀಂಧ್ರನಾಶಕ) ಕೆ.ಜಿ.ಗೆ 10 ಮಿ.ಗ್ರಾಂ. ಒಂದೇ ಡೋಸ್: 50 ಕೆ.ಜಿ. ರೋಗಿಗೆ 50 ಮಿ.ಗ್ರಾಂ.ನ ಹತ್ತು ವಯಲ್. ತೆಳುಮಾಡುವುದು ಡೆಕ್ಸ್‌ಟ್ರೋಸ್‌ನಲ್ಲಿ, ಸಲೈನ್ ತಗುಲಿದರೆ ಗಟ್ಟಿಯಾಗಿ ಕೆಡುತ್ತದೆ. ಜೊತೆಗೆ 14 ದಿನ ಫ್ಲೂಸೈಟೋಸಿನ್, ದಿನಕ್ಕೆ ಕೆ.ಜಿ.ಗೆ 100 ಮಿ.ಗ್ರಾಂ. ನಾಲ್ಕು ಭಾಗವಾಗಿ, ಮತ್ತು ಫ್ಲೂಕೊನಜೋಲ್ ದಿನಕ್ಕೆ 1200 ಮಿ.ಗ್ರಾಂ. ಫ್ಲೂಸೈಟೋಸಿನ್ ಸಿಗದಿದ್ದರೆ ಒಂದೇ ಡೋಸ್ ನೆಚ್ಚಿಕೊಳ್ಳಬೇಡಿ. ಆಗ ಲೈಪೋಸೋಮಲ್ ಆಂಫೋಟೆರಿಸಿನ್ ದಿನಕ್ಕೆ ಕೆ.ಜಿ.ಗೆ 3ರಿಂದ 4 ಮಿ.ಗ್ರಾಂ.ನಂತೆ 14 ದಿನವೂ ಹೋಗಬೇಕು, ಪೊಟ್ಯಾಸಿಯಂ ಮತ್ತು ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತೋರುವ ರಕ್ತದ ಅಂಶ) ಮೇಲೆ ಕಣ್ಣಿಟ್ಟು.