ಪಿಕಪ್‌ಗೆ ಲೆವೆಲಿಂಗ್ ಕಿಟ್ ಹಾಕಿಸೋರು ಮೊದಲು ಇದನ್ನ ಓದಿ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ವಿ-ಕ್ರಾಸ್, ಹೈಲಕ್ಸ್ ತರಹದ ಪಿಕಪ್ ಇಟ್ಟುಕೊಂಡವರು, ಗಾಡಿ ಮುಂದುಗಡೆ ಸ್ವಲ್ಪ ಎತ್ತರ ಮಾಡಿಸಬೇಕು ಅಂತ ಯೋಚನೆ ಮಾಡ್ತಿರುವವರು ದಯವಿಟ್ಟು ಪೂರ್ತಿ ಓದಿ. ಲೆವೆಲಿಂಗ್ ಕಿಟ್ ಅಂದರೆ ಗಾಡಿಯ ಮುಂದುಗಡೆ ಎತ್ತೋಕೆ ಶಾಕಪ್ ಮೇಲೆ ಇಡುವ ಬಿಲ್ಲೆ, ಅದಕ್ಕೇ ಸ್ಪೇಸರ್ ಅಂತಾರೆ. ನನಗೆ 17,500 ರೂಪಾಯಿ ಹೋಯಿತು. ಅದರ ಮೇಲೆ ಎರಡು ಟೈರು ಹೋದವು, ಒಂದು ಆಕ್ಸಲ್ ಬೂಟು (ಆಕ್ಸಲ್ ಕೀಲಿನ ಗ್ರೀಸ್ ಹಿಡಿದಿಡುವ ರಬ್ಬರ್ ಹೊದಿಕೆ) ಹೋಯಿತು. ದುಡ್ಡಿಗಿಂತ ಜಾಸ್ತಿ ಉರಿಯುವುದು ಬೇರೆ. ಅಂಗಡಿಯಲ್ಲಿ ನಿಂತು ಕಿಟ್ ಮಾರಿದವನು ಹೇಳಿದ್ದಕ್ಕೆಲ್ಲ ತಲೆ ಆಡಿಸಿದವನು ನಾನೇ. ಇದನ್ನು ಮನೆಯಲ್ಲಿ ಹೇಳೋಕೂ ಎರಡು ವಾರ ಬೇಕಾಯಿತು.

ನಮ್ಮದು ಗಂಗಾವತಿ ಹತ್ತಿರದ ಹಳ್ಳಿ. ವಿ-ಕ್ರಾಸ್ ಫೋರ್ ಬೈ ಫೋರ್, ಸೆಕೆಂಡ್ ಹ್ಯಾಂಡ್. ನೋಡಿದವರಿಗೆ ಗೊತ್ತಿರುತ್ತೆ, ಪಿಕಪ್ ಮುಂದೆ ಸ್ವಲ್ಪ ಬಗ್ಗಿರುತ್ತೆ, ಹಿಂದೆ ಎದ್ದಿರುತ್ತೆ. ಟೇಪ್ ಹಿಡಿದು ನಾನೇ ಅಳೆದಿದ್ದೆ. ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡ್ ಅಂಚಿನ ತನಕ ಮುಂದೆ 20 ಇಂಚು, ಹಿಂದೆ ಇಪ್ಪತ್ತೊಂದೂವರೆ. ಕಾಲುವೆ ದಂಡೆ ಮೇಲೆ ಹೋಗುವಾಗ ಮುಂದಿನ ಬಂಪರ್ ಕೆಳಗೆ ತಾಗುತ್ತಿತ್ತು. ಅದಕ್ಕೆ ಒಂದೂವರೆ ಇಂಚು ಎತ್ತಿದರೆ ಸಾಕಿತ್ತು. ಅಷ್ಟೇ ನಾನು ಕೇಳಿದ್ದು. ಒಂದೂವರೆ ಇಂಚು.

ಬಳ್ಳಾರಿಯ ಆ ಅಂಗಡಿಯ ಹೆಸರು ಬರೆಯಲ್ಲ. ಇನ್‌ಸ್ಟಾಗ್ರಾಂನಲ್ಲಿ ಒಳ್ಳೊಳ್ಳೆ ವಿಡಿಯೊ ಹಾಕ್ತಾರೆ. ಕಿಟ್ 14,000, ಕೂಲಿ 3,500. ನಾನು ಮೊದಲು ಕೇಳಿದ್ದೇ ಇದು: "ಎಷ್ಟು ಎತ್ತರ ಆಗುತ್ತೆ?"

"ಒಂದೂವರೆ ಇಂಚಿನ ಕಿಟ್ ಅಣ್ಣ. ಒಂದೂವರೆ ಅಂದ್ರೆ ಒಂದೂವರೆ."

"ವೀಲ್ ಅಲೈನ್‌ಮೆಂಟ್ ಮಾಡಿಸಬೇಕಾ?"

"ಬ್ಯಾಡ ಬಿಡಣ್ಣ. ಇದು ಬರೀ ಸ್ಪೇಸರ್. ಸ್ಪ್ರಿಂಗ್ ಮುಟ್ಟಲ್ಲ, ಶಾಕಪ್ ಮುಟ್ಟಲ್ಲ. ಅಲೈನ್‌ಮೆಂಟ್ ಯಾಕೆ ಔಟ್ ಆಗ್ತೈತೆ?"

ಎಷ್ಟು ಧೈರ್ಯವಾಗಿ ಹೇಳಿದ ಅಂದರೆ, ಮತ್ತೆ ಕೇಳೋಕೆ ನನಗೇ ಸಂಕೋಚ ಆಯಿತು.

ಬೆಳಿಗ್ಗೆ ಕೊಟ್ಟ ಗಾಡಿ ಕೈಗೆ ಬಂದಿದ್ದು ಕತ್ತಲಾಗುವ ಹೊತ್ತಿಗೆ. ನೋಡಿದ ಕೂಡಲೇ ಮುಂದುಗಡೆ ಜಾಸ್ತಿ ಎದ್ದಿದೆ ಅನ್ನಿಸಿತು. ಹೇಳಿದೆ ಕೂಡ. ಅದಕ್ಕೆ ಅವನು ಬಾನೆಟ್ ಮೇಲೆ ಕೈಯಿಟ್ಟು ಎರಡು ಸಲ ಒತ್ತಿ, "ಹೊಸದಲ್ವಾ ಅಣ್ಣ, ಒಂದು ಸಾವಿರ ಕಿಲೋಮೀಟರ್ ಓಡಲಿ, ತಾನೇ ಕೂತ್ಕೊಳ್ತೈತೆ" ಅಂದ.

ಇಲ್ಲಿ ಸ್ವಲ್ಪ ನಿಲ್ಲಿ. ಈ ಮಾತಿಗೇ ನಾನು ಮೋಸ ಹೋಗಿದ್ದು. ಸ್ಪ್ರಿಂಗ್ ಹೊಸದಾದರೆ ಸ್ವಲ್ಪ ಕೂರುತ್ತೆ, ನಿಜ. ಆದರೆ ಅವನು ಸ್ಪ್ರಿಂಗ್ ಹಾಕೇ ಇಲ್ಲವಲ್ಲ! ಶಾಕಪ್ ತಲೆಯ ಮೇಲೆ ಇಟ್ಟಿದ್ದು ಗಟ್ಟಿ ಅಲ್ಯೂಮಿನಿಯಂ ಬಿಲ್ಲೆ. ಅದು ಎಲ್ಲಿ ಕೂರುತ್ತೆ? ಸ್ಪ್ರಿಂಗ್ ಮುಟ್ಟಲ್ಲ ಅಂತ ಬೆಳಿಗ್ಗೆ ಅವನೇ ಹೇಳಿದ್ದ. ಸಂಜೆ ಕೂತ್ಕೊಳ್ತೈತೆ ಅಂದಾಗ ನನಗೆ ಹೊಳೆಯಲಿಲ್ಲ. ಟೇಪ್ ಸೀಟಿನ ಕೆಳಗೇ ಇತ್ತು. ತೆಗೆದು ಅಳೆಯಲಿಲ್ಲ. ದುಡ್ಡು ಕೊಟ್ಟು ಬಂದೆ. ಬಿಲ್ ಕೇಳಿದರೆ 'ಎಸ್ಟಿಮೇಟ್' ಅಂತ ಬರೆದ ಚೀಟಿ ಕೊಟ್ಟ. ಅದನ್ನೂ ಮಡಚಿ ಜೇಬಿಗಿಟ್ಟುಕೊಂಡೆ.

ಮಾರನೇ ದಿನ ಮನೆ ಮುಂದೆ ಅಳೆದೆ. ಮುಂದೆ 23 ಇಂಚು. ಕೇಳಿದ್ದು ಒಂದೂವರೆ, ಎದ್ದಿದ್ದು ಮೂರು. ಮುಂದೆ ಬಗ್ಗಿದ್ದ ಗಾಡಿ ಈಗ ಮೂಗು ಮೇಲೆತ್ತಿ ನಿಂತಿತ್ತು. ಹಿಂದೆ ನಾಲ್ಕು ಚೀಲ ಡಿಎಪಿ ಗೊಬ್ಬರ ಹಾಕಿಕೊಂಡು ರಾತ್ರಿ ಕಾರಟಗಿ ರೋಡಿಗೆ ಬಂದರೆ, ಎದುರಿಗೆ ಬಂದವರೆಲ್ಲ ಡಿಪ್ಪರ್ ಹೊಡೆಯೋರೇ. ನಾನು ಡಿಮ್‌ನಲ್ಲೇ ಇದ್ದೆ. ಲೈಟು ನೇರ ಅವರ ಕಣ್ಣಿಗೆ. ಒಬ್ಬ ಹಾರ್ವೆಸ್ಟರ್ ಡ್ರೈವರ್ ಗಾಡಿ ನಿಲ್ಲಿಸಿ ಬೈದ. ಅವನು ಬೈದಿದ್ದು ಸರಿ. ಕಂಪನಿಯವರು ಹಿಂದೆ ಎತ್ತರ ಬಿಡೋದೇ ಲೋಡ್ ಬಿದ್ದು ಹಿಂದಿನ ಪಾಟಾ (ಲೀಫ್ ಸ್ಪ್ರಿಂಗ್) ಕೂತಾಗ ಗಾಡಿ ಸಮ ಆಗಲಿ ಅಂತ. ಇದನ್ನು ಕಿಟ್ ಮಾರುವವನು ಹೇಳಬೇಕಿತ್ತು. ಹೇಳಲಿಲ್ಲ.

ಫೋಟೊ ತೆಗೆದು, ಟೇಪ್ ಕಾಣುವ ಹಾಗೆ ಹಿಡಿದು ವಾಟ್ಸಾಪ್ ಮಾಡಿದೆ. ಉತ್ತರ: "ನೆಲ ಸಮ ಇಲ್ಲ ಅಣ್ಣ." ಸಿಮೆಂಟ್ ಕಣದ ಮೇಲೆ ನಿಲ್ಲಿಸಿ ಮತ್ತೆ ಕಳಿಸಿದೆ. "ಓಡಿಸಿ, ಕೂತ್ಕೊಳ್ತೈತೆ." ಮತ್ತೆ ಅದೇ ಕೂತ್ಕೊಳ್ತೈತೆ!

ಓಡಿಸಿದೆ. 1,100 ಕಿಲೋಮೀಟರ್ ಆಗುವಷ್ಟರಲ್ಲಿ ಹಂಪ್ ದಾಟಿ ಚಕ್ರ ಕೆಳಗಿಳಿದಾಗೆಲ್ಲ ಟಕ್ ಅಂತ ಸದ್ದು. ಸ್ಟಿಯರಿಂಗ್ ಎಡಕ್ಕೆ ಎಳೆಯುತ್ತಿತ್ತು. ಟೈರಿನ ಮೇಲೆ ಅಂಗೈ ಆಡಿಸಿದರೆ ಒಂದು ಕಡೆಯಿಂದ ನುಣ್ಣಗೆ, ವಾಪಸ್ ಎಳೆದರೆ ಗರಗಸದ ಹಲ್ಲಿನ ಹಾಗೆ ಚುಚ್ಚುತ್ತಿತ್ತು. ಆಮೇಲೆ ಒಂದು ದಿನ ಬಲಗಡೆ ಚಕ್ರದ ಒಳಮೈಗೆಲ್ಲ ಕಪ್ಪು ಗ್ರೀಸ್ ಎರಚಿತ್ತು. ಆಕ್ಸಲ್ ಬೂಟು ಹರಿದಿತ್ತು.

"ನಿಮ್ ಡ್ರೈವಿಂಗ್ ರಫ್ ಇರಬೇಕು ಅಣ್ಣ." ಇದು ಅವನ ಉತ್ತರ. ನನಗೆ! ಅದಾದ ಮೇಲೆ, "ಲೋಡ್ ಜಾಸ್ತಿ ಹಾಕ್ತೀರಾ?" ಪಿಕಪ್ ತಗೊಂಡಿದ್ದು ಮತ್ತೆ ಯಾಕೆ? ಅದಾದ ಮೇಲೆ ಬರೀ ನೀಲಿ ಟಿಕ್.

ಗಂಗಾವತಿಯಲ್ಲಿ ನಮಗೆ ಗೊತ್ತಿರುವ ಹಳೇ ಮೇಸ್ತ್ರಿ ಹತ್ತಿರ ಬಿಚ್ಚಿಸಿದೆ. ಅವರು ಆ ಬಿಲ್ಲೆಯನ್ನು ಟೂಲ್ ಪೆಟ್ಟಿಗೆ ಮೇಲಿಟ್ಟು ಸ್ಟೀಲ್ ಸ್ಕೇಲ್ ಹಿಡಿದರು. ದಪ್ಪ 38 ಮಿಲಿಮೀಟರ್, ಅಂದರೆ ಸರಿಯಾಗಿ ಒಂದೂವರೆ ಇಂಚು. ನನಗೆ ಅರ್ಥವಾಗಲಿಲ್ಲ. ಬಿಲ್ಲೆ ಒಂದೂವರೆ ಇಂಚೇ ಇದ್ದರೆ ಗಾಡಿ ಮೂರು ಇಂಚು ಹೇಗೆ ಎದ್ದಿತು?

ಅವರು ಒಂದು ಉದ್ದ ರಾಡ್ ತಗೊಂಡು ಒಂದು ತುದಿ ಒತ್ತಿ ಹಿಡಿದು, ನಡುವೆ ಕೈ ಕೊಟ್ಟು ಎತ್ತಿದರು. "ನೋಡು ತಮ್ಮಾ, ನಡುವ ಒಂದು ಬೆರಳು ಎತ್ತಿದ್ರ ತುದಿ ಎರಡು ಬೆರಳು ಏಳ್ತೈತಿ. ಶಾಕಪ್ ಕೂಡೋದು ಕೆಳಗಿನ ಆರ್ಮಿನ ನಡುವ. ಚಕ್ರ ಇರೋದು ತುದಿಗೆ." ಎಷ್ಟು ಸುಲಭವಾಗಿ ಹೇಳಿದರು! ಈ ತರಹದ ಗಾಡಿಗೆ ಶಾಕಪ್ ಮೇಲೆ ಕೂರುವ ಸ್ಪೇಸರ್ ತನ್ನ ದಪ್ಪದ ಒಂದೂವರೆಯಿಂದ ಎರಡು ಪಟ್ಟು ಎತ್ತುತ್ತೆ. ನನಗೆ ಬೇಕಿದ್ದದ್ದು ಮುಕ್ಕಾಲು, ಹೆಚ್ಚೆಂದರೆ ಒಂದು ಇಂಚಿನ ಬಿಲ್ಲೆ. ಅವನು ಬಿಲ್ಲೆಯ ದಪ್ಪ ಹೇಳಿ ಮಾರಿದ, ನಾನು ಗಾಡಿಯ ಎತ್ತರ ಅಂದುಕೊಂಡೆ. ದಿನಾ ಇದೇ ಕೆಲಸ ಮಾಡುವವನಿಗೆ ಇದು ಗೊತ್ತಿಲ್ಲ ಅಂದರೆ ನಾನು ನಂಬಲ್ಲ.

ಇನ್ನೊಂದಿದೆ. ಮೇಸ್ತ್ರಿ ಬಿಲ್ಲೆಯನ್ನು ಬಿಸಿಲಿಗೆ ಹಿಡಿದು ತೋರಿಸಿದರು. ಬೋಲ್ಟ್ ತೂತುಗಳನ್ನು ಗ್ರೈಂಡರ್‌ನಲ್ಲಿ ಕೊರೆದು ಉದ್ದ ಮಾಡಿ, ಮೇಲೆ ಕಪ್ಪು ಪೇಂಟ್ ಹೊಡೆದಿದ್ದರು. ಬೇರೆ ಯಾವುದೋ ಗಾಡಿಯ ಮಾಲು ಅದು. ನನ್ನ ಗಾಡಿಗೆ ಅಂತ ಮಾಡಿದ್ದೇ ಅಲ್ಲ. ಅದನ್ನು ನಂಬಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ರಾಯಚೂರಿಗೆ ಹೋಗಿ ಬಂದಿದ್ದೆ. ಇದನ್ನು ಬರೆಯುವಾಗಲೂ ಕೈ ನಡುಗುತ್ತೆ.

ಫೋನ್ ಎತ್ತದವನು ತೂತಿನ ಫೋಟೊ ಹೋದ ಹತ್ತು ನಿಮಿಷಕ್ಕೆ ತಾನೇ ಮಾಡಿದ. "ಫಿಟ್ಟಿಂಗ್ ಹುಡುಗ ಮಾಡಿರ್ತಾನೆ ಅಣ್ಣ, ನನಗೆ ಗೊತ್ತಿಲ್ಲ. ಬಿಲ್ಲೆ ಕಳಿಸಿ, ಅರ್ಧ ದುಡ್ಡು ನೋಡೋಣ." ಎಲ್ಲ ದುಡ್ಡೂ ಕೊಡಿ ಅಂದೆ. "ಬಿಲ್ ಐತಾ?" ಅಂದ. ಎಸ್ಟಿಮೇಟ್ ಚೀಟಿ ಕೊಟ್ಟವನೇ ಬಿಲ್ ಕೇಳ್ತಾನೆ.

ಹಾಕಿಸಲೇಬೇಕು ಅನ್ನುವವರು ಚಕ್ರದ ಹತ್ತಿರ ಎಷ್ಟು ಎತ್ತರ ಏಳುತ್ತೆ ಅಂತ ಬರೆಸಿಕೊಳ್ಳಿ. ಬಿಲ್ಲೆಯ ದಪ್ಪ ಅಲ್ಲ, ಚಕ್ರದ ಹತ್ತಿರ. ಅವರ ಮುಂದೆಯೇ ಟೇಪ್ ಹಿಡಿಯಿರಿ, ಹಾಕುವ ಮೊದಲು ಒಂದು ಸಲ, ಹಾಕಿದ ಮೇಲೆ ಒಂದು ಸಲ. ಮುಂದೆ ಎತ್ತಿದರೆ ಅಲೈನ್‌ಮೆಂಟ್ ಬದಲಾಗಿಯೇ ಆಗುತ್ತೆ, ಬೇಡ ಅಂದವನ ಅಂಗಡಿಯಿಂದ ಎದ್ದು ಬನ್ನಿ. ಹೆಡ್‌ಲೈಟ್ ಬೆಳಕನ್ನೂ ಕೆಳಗೆ ಬೀಳುವ ಹಾಗೆ ಇಳಿಸಿಕೊಳ್ಳಿ. ಜಿಎಸ್‌ಟಿ ಬಿಲ್ ಇಲ್ಲದೆ ಒಂದು ರೂಪಾಯಿ ಕೊಡಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರ ಬದಲಾಗುವ ಹಾಗೆ ಗಾಡಿ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಹಾಗಾಗಿ ಮೊದಲು ಆರ್‌ಟಿಒದಲ್ಲಿ, ಇನ್ಶೂರೆನ್ಸ್‌ನವರ ಹತ್ತಿರ ಕೇಳಿಕೊಂಡು ಮುಂದಿನದು ನೋಡಿ. ನಾನು ಯಾರನ್ನೂ ಕೇಳಲಿಲ್ಲ. "ಇದು ಮಾಡಿಫಿಕೇಶನ್ ಅಲ್ಲಣ್ಣ, ಆಕ್ಸೆಸರಿ" ಅಂತ ಅವನು ಹೇಳಿದ್ದನ್ನೇ ನಂಬಿದೆ.

1915ಕ್ಕೆ, ಗ್ರಾಹಕ ಸಹಾಯವಾಣಿಗೆ, ದೂರು ಹೇಳಿದ್ದೇನೆ. ಯುಪಿಐನಲ್ಲಿ ದುಡ್ಡು ಕಳಿಸಿದ ದಾಖಲೆ ಇದೆ, ವಾಟ್ಸಾಪ್ ಮಾತೆಲ್ಲ ಇದೆ. ಬಿಲ್ಲೆ ಕಳಿಸಿ, ಬಿಲ್ಲೆ ಕಳಿಸಿ ಅಂತ ಅವನು ಇವತ್ತೂ ಮೆಸೇಜ್ ಮಾಡಿದ್ದಾನೆ. ಕಳಿಸಲ್ಲ. ಎರಡೂ ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ. ಗ್ರಾಹಕರ ಆಯೋಗಕ್ಕೆ ಹೋಗಬೇಕಾಗಿ ಬಂದರೆ ಆ ತೂತುಗಳನ್ನು ಅಲ್ಲಿ ತೋರಿಸಬೇಕು.