ಗ್ರಬ್ 2ರ ಎನ್ವಿರಾನ್‌ಮೆಂಟ್ ಬ್ಲಾಕ್: ವರ್ಷಗಟ್ಟಲೆ ಬಳಸಿದ ಮೇಲೆ

ಗ್ರಬ್ ಅಂದ್ರೆ ಕಂಪ್ಯೂಟರ್ ಆನ್ ಮಾಡಿದಾಗ ಕಾಣುವ ಮೆನು, ಅಷ್ಟೇ ಅಂದುಕೊಂಡವರು ಜಾಸ್ತಿ. ನಿಜಕ್ಕೂ ಅದು ಲಿನಕ್ಸನ್ನು ಶುರುಮಾಡಿಸುವ ಪ್ರೋಗ್ರಾಂ (ಬೂಟ್‌ಲೋಡರ್), ಆ ಮೆನುವಿನ ಹಿಂದೆ ಒಂದು ಸ್ಕ್ರಿಪ್ಟ್ ಭಾಷೆಯೇ ಇದೆ. ಲಿನಕ್ಸ್‌ನ ಕಮಾಂಡ್ ಭಾಷೆ ಬ್ಯಾಷ್ ಗೊತ್ತಿದ್ದವರಿಗೆ ನೋಡಿದ ಕೂಡಲೇ ಅರ್ಥವಾಗುತ್ತದೆ: ಸೆಟ್, ಇಫ್, ಡಾಲರ್ ಚಿಹ್ನೆ ಹಾಕಿದ ವೇರಿಯಬಲ್ (ಮಾಹಿತಿ ಇಟ್ಟುಕೊಳ್ಳುವ ಹೆಸರು). ಡೆಬಿಯನ್, ಉಬುಂಟು ಎಂಬ ಲಿನಕ್ಸ್‌ಗಳೆರಡರಲ್ಲೂ ನಾನು ಇದನ್ನು ಬಹಳ ಕಾಲದಿಂದ ಬಳಸುತ್ತಿದ್ದೇನೆ. ಇದರಲ್ಲಿ ನನಗೆ ತುಂಬಾ ಬೆಲೆಬಾಳುವುದು ಅನಿಸಿದ್ದು /ಬೂಟ್ ಫೋಲ್ಡರ್‌ನ ಒಳಗಿರುವ ಗ್ರಬ್‌ಎನ್ವಿ ಎಂಬ ಪುಟ್ಟ ಫೈಲ್. ಎನ್ವಿರಾನ್‌ಮೆಂಟ್ ಬ್ಲಾಕ್ ಅನ್ನೋದು ಇದನ್ನೇ.

ಸಾಮಾನ್ಯ ವೇರಿಯಬಲ್‌ಗಳು ಕರ್ನಲ್ (ಲಿನಕ್ಸ್‌ನ ತಿರುಳು) ಶುರುವಾದ ಕೂಡಲೇ ಹೋಗಿಬಿಡುತ್ತವೆ. ಮುಂದಿನ ಬೂಟ್‌ಗೂ ಉಳಿಯಬೇಕು ಅಂದ್ರೆ ಈ ಫೈಲ್‌ನಲ್ಲಿ ಇರಬೇಕು. ತೆರೆದು ನೋಡಿ. ಮೇಲೆ ಒಂದು ತಲೆಬರಹದ ಸಾಲು, ಕೆಳಗೆ ಸೇವ್ಡ್_ಎಂಟ್ರಿ (ಖಾಯಂ ಆಯ್ಕೆ) ಥರದ ಒಂದೆರಡು ಹೆಸರು, ಉಳಿದ ಜಾಗವೆಲ್ಲ ಹ್ಯಾಶ್ ಚಿಹ್ನೆಗಳು. ಒಟ್ಟು 1024 ಬೈಟ್. ಖಾಲಿ ಜಾಗವನ್ನೂ ತುಂಬಿಸಿ ಇಡುವುದಕ್ಕೆ ಕಾರಣ ಇದೆ. ಬೂಟ್ ಆಗುವ ಹೊತ್ತಿನಲ್ಲಿ ಗ್ರಬ್ ಡಿಸ್ಕ್‌ನಲ್ಲಿ ಹೊಸ ಜಾಗ ಹುಡುಕುವುದಿಲ್ಲ. ಫೈಲ್ ಮೊದಲೇ ಕೂತಿರುವ ಸೆಕ್ಟರ್‌ಗಳ (ಡಿಸ್ಕ್‌ನ ಸಣ್ಣ ತುಂಡುಗಳು) ಮೇಲೇ ಬರೆಯುತ್ತದೆ. ಹಾಗಾಗಿ ಇದನ್ನು ಟೆಕ್ಸ್ಟ್ ಎಡಿಟರ್‌ನಲ್ಲಿ ತಿದ್ದಬೇಡಿ, ಅಳತೆ ಕೆಡುತ್ತದೆ. ಅದಕ್ಕೆಂದೇ ಗ್ರಬ್-ಎಡಿಟ್‌ಎನ್ವಿ ಎಂಬ ಕಮಾಂಡ್ ಇದೆ.

ದೂರದಲ್ಲಿರುವ ಸರ್ವರ್ ನೋಡಿಕೊಳ್ಳುವವರಿಗೆ ಇದರ ಉಪಯೋಗ ಚೆನ್ನಾಗಿ ಗೊತ್ತಾಗುತ್ತದೆ. ಹೊಸ ಕರ್ನಲ್ ಪರೀಕ್ಷಿಸಬೇಕು, ಆದರೆ ಕೀಬೋರ್ಡ್ ಮುಂದೆ ಯಾರೂ ಇಲ್ಲ. ಮೊದಲು ಗ್ರಬ್‌ನ ಸೆಟ್ಟಿಂಗ್ ಫೈಲ್‌ನಲ್ಲಿ ಗ್ರಬ್_ಡಿಫಾಲ್ಟ್‌ಗೆ ಸೇವ್ಡ್ ಅಂತ ಕೊಟ್ಟು, ಅದನ್ನು ಜಾರಿಗೆ ತರುವ ಅಪ್‌ಡೇಟ್-ಗ್ರಬ್ ಕಮಾಂಡ್ ಓಡಿಸಿರಬೇಕು. ಆಮೇಲೆ ಗ್ರಬ್-ಸೆಟ್-ಡಿಫಾಲ್ಟ್‌ನಿಂದ ಹಳೇ ಕರ್ನಲ್ಲನ್ನು ಖಾಯಂ ಮಾಡಿ, ಗ್ರಬ್-ರೀಬೂಟ್‌ನಿಂದ ಹೊಸದನ್ನು ಒಂದೇ ಸಲಕ್ಕೆ ಆರಿಸುತ್ತೇನೆ. ಆ ಹೆಸರು ಗ್ರಬ್‌ಎನ್ವಿ ಫೈಲ್‌ನ ನೆಕ್ಸ್ಟ್_ಎಂಟ್ರಿಯಲ್ಲಿ ಕೂರುತ್ತದೆ. ಗ್ರಬ್ ಅದನ್ನು ಓದಿ, ಮೊದಲು ಅಳಿಸಿ, ನಂತರವೇ ಬೂಟ್ ಮಾಡುತ್ತದೆ. ಈ ಕ್ರಮದಲ್ಲೇ ಇದರ ಜಾಣತನ ಇರೋದು. ಹೊಸ ಕರ್ನಲ್ ಪ್ಯಾನಿಕ್ ಆದರೂ (ಮುಂದೆ ಹೋಗಲಾರದೆ ನಿಂತರೂ) ಮುಂದಿನ ಸಲ ಹಳೆಯದೇ ಬರುತ್ತದೆ. ಹೊಸ ಕರ್ನಲ್‌ನ ಬೂಟ್ ಸಾಲಿಗೆ ಪ್ಯಾನಿಕ್=10 ಸೇರಿಸಿದ್ದರೆ ಪ್ಯಾನಿಕ್ ಆದ 10 ಸೆಕೆಂಡಿಗೆ ತಾನಾಗಿಯೇ ರೀಬೂಟ್ ಕೂಡ ಆಗುತ್ತದೆ. ಯಾರನ್ನೂ ಸರ್ವರ್ ಹತ್ತಿರ ಓಡಿಸುವ ಕೆಲಸವಿಲ್ಲ.

ಆದರೆ ಒಂದು ದೊಡ್ಡ ಷರತ್ತಿದೆ. ಎಲ್‌ವಿಎಂ ಅಥವಾ ಸಾಫ್ಟ್‌ವೇರ್ ರೇಡ್ (ಡಿಸ್ಕ್‌ಗಳನ್ನು ಒಟ್ಟುಗೂಡಿಸಿ ಹಂಚುವ ವ್ಯವಸ್ಥೆಗಳು) ಮೇಲೆ /ಬೂಟ್ ಇದ್ದರೆ ಗ್ರಬ್ ಅದನ್ನು ಓದಬಲ್ಲದು, ಬರೆಯಲಾರದು. ಆಗ ನೆಕ್ಸ್ಟ್_ಎಂಟ್ರಿ ಅಳಿಯುವುದೇ ಇಲ್ಲ. ಒಂದೇ ಸಲಕ್ಕೆ ಅಂತ ಕೊಟ್ಟ ಕರ್ನಲ್ಲೇ ಪ್ರತಿ ಸಲ ಏಳುತ್ತದೆ. ಅದು ಕೆಟ್ಟದ್ದಾಗಿದ್ದರೆ ಸರ್ವರ್ ಸುತ್ತು ಹೊಡೆಯುತ್ತಲೇ ಇರುತ್ತದೆ. ಕಾಪಾಡಬೇಕಾದ ವ್ಯವಸ್ಥೆಯೇ ಸಿಕ್ಕಿಹಾಕಿಸುತ್ತದೆ ಅಲ್ವಾ? ಕೈಪಿಡಿಯಲ್ಲಿ ಈ ಎಚ್ಚರಿಕೆ ಬರೆದಿದ್ದಾರೆ ನಿಜ, ಆದರೆ ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು. ನಾನು ಒಂದು ನಕ್ಷತ್ರ ಕಡಿಮೆ ಕೊಡುತ್ತಿರುವುದು ಇದಕ್ಕೇ. 5ಕ್ಕೆ 4. ಪರಿಹಾರ ಸುಲಭ: /ಬೂಟ್ ಅನ್ನು ಬೇರೆಯದೇ ಸಾದಾ ಎಕ್ಸ್ಟ್4 (ಲಿನಕ್ಸ್‌ನ ಮಾಮೂಲಿ ಫೈಲ್‌ಸಿಸ್ಟಂ) ಪಾರ್ಟಿಷನ್‌ನಲ್ಲಿ, ಅಂದರೆ ಡಿಸ್ಕ್‌ನ ಪ್ರತ್ಯೇಕ ಭಾಗದಲ್ಲಿ ಇಡಿ.

ಇನ್ನೆರಡು ಸಣ್ಣ ವಿಷಯ. ಸಬ್‌ಮೆನುವಿನ ಒಳಗೆ ಹೋದರೆ ನೀವು ಸೆಟ್ ಮಾಡಿದ ವೇರಿಯಬಲ್ ಕಾಣುವುದಿಲ್ಲ, ಮೊದಲು ಎಕ್ಸ್‌ಪೋರ್ಟ್ ಮಾಡಬೇಕು. ಹಾಗೇ ಮೆನು ಬರೆದಿರುವ ಗ್ರಬ್.ಸಿಎಫ್‌ಜಿ ಫೈಲ್‌ನಲ್ಲಿ ನೇರವಾಗಿ ಬರೆಯಬೇಡಿ, ಮುಂದಿನ ಸಲ ಅಪ್‌ಡೇಟ್-ಗ್ರಬ್ ಓಡಿದಾಗ ಅದು ಅಳಿಸಿಹೋಗುತ್ತದೆ. ಸ್ವಂತ ಸಾಲುಗಳಿಗೆ 40_ಕಸ್ಟಮ್ ಎಂಬ ಫೈಲ್ ಇದೆ.

ಗ್ರಬ್ ಕೆಟ್ಟು, ಮೆನು ಬಾರದೆ ಬರೀ ಕಮಾಂಡ್ ಕೇಳುವ ರೆಸ್ಕ್ಯೂ ಪ್ರಾಂಪ್ಟ್‌ಗೆ ಬಂದರೂ ಕೈ ಹಿಡಿಯುವುದು ವೇರಿಯಬಲ್‌ಗಳೇ. ಸುಮ್ನೆ ಸೆಟ್ ಅಂತ ಒತ್ತಿದರೆ ರೂಟ್ (ಗ್ರಬ್ ಫೈಲ್ ಹುಡುಕುವ ಪಾರ್ಟಿಷನ್), ಪ್ರಿಫಿಕ್ಸ್ (ಗ್ರಬ್‌ನ ಸ್ವಂತ ಫೈಲ್‌ಗಳಿರುವ ಜಾಗ) ಎಲ್ಲಿಗೆ ತೋರಿಸುತ್ತಿವೆ ಅಂತ ಗೊತ್ತಾಗುತ್ತದೆ. ಪ್ರಿಫಿಕ್ಸ್ ಸರಿಯಾದ ಪಾರ್ಟಿಷನ್‌ಗೆ ತಿರುಗಿಸಿ, ನಾರ್ಮಲ್ ಮಾಡ್ಯೂಲ್ ಲೋಡ್ ಮಾಡಿ, ನಾರ್ಮಲ್ ಅಂತ ಕಮಾಂಡ್ ಕೊಟ್ಟರೆ ಬಹಳ ಸಲ ಮೆನು ವಾಪಸ್ ಬರುತ್ತದೆ.

ನಿಮ್ಮ ಮೆಷಿನ್‌ಗೆ ಇದು ಆಗುತ್ತಾ ಅಂತ ತಿಳಿಯಲು, ಈಗ ಚೆನ್ನಾಗಿ ಓಡುತ್ತಿರುವ ಕರ್ನಲ್ಲನ್ನೇ ಗ್ರಬ್-ರೀಬೂಟ್‌ಗೆ ಕೊಟ್ಟು ಒಮ್ಮೆ ರೀಬೂಟ್ ಮಾಡಿ. ಮೇಲೆದ್ದ ಮೇಲೆ ಗ್ರಬ್-ಎಡಿಟ್‌ಎನ್ವಿ ಲಿಸ್ಟ್ ನೋಡಿ. ನೆಕ್ಸ್ಟ್_ಎಂಟ್ರಿ ಎದುರು ಖಾಲಿ ಇದ್ದರೆ ಧೈರ್ಯವಾಗಿ ಬಳಸಿ. ಹೆಸರು ಇನ್ನೂ ಅಲ್ಲೇ ಇದ್ದರೆ, /ಬೂಟ್ ಜಾಗ ಬದಲಿಸುವವರೆಗೆ ದೂರದ ಸರ್ವರ್‌ನಲ್ಲಿ ಇದನ್ನು ಮುಟ್ಟಬೇಡಿ.