ದಂಡ ಕಟ್ಟಿ ಕೇಸು ಮುಗಿಸಿಕೊಳ್ಳಿ ಎಂದರೆ ನಂಬಬೇಡಿ

ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ಒಂದೂವರೆ ಸಾವಿರ ರೂಪಾಯಿ ಕೊಟ್ಟು ಅಪರಾಧಿ ಎಂಬ ಹಣೆಪಟ್ಟಿಯನ್ನು ನಾನೇ ಕಟ್ಟಿಸಿಕೊಂಡು ಬಂದಿದ್ದೇನೆ.

ಪಕ್ಕದ ಮನೆಯವನು ದಿನವೂ ನಮ್ಮ ಗೇಟಿಗೆ ಅಡ್ಡವಾಗಿ ಸ್ಕೂಟರ್ ನಿಲ್ಲಿಸುತ್ತಿದ್ದ. ಒಂದು ದಿನ ಹ್ಯಾಂಡಲ್ ಹಿಡಿದುಕೊಂಡು ಬೈದೆ, ಅವನೂ ಬೈದ. ಅಷ್ಟೇ. ಠಾಣೆಯ ಕಾಗದದಲ್ಲಿ ಅದು ‘ಅಡ್ಡಗಟ್ಟಿ, ಅವಾಚ್ಯ ಶಬ್ದಗಳಿಂದ ನಿಂದಿಸಿ, ಪ್ರಾಣ ಬೆದರಿಕೆ ಹಾಕಿರುತ್ತಾನೆ’ ಎಂದಾಯಿತು. ಬೈಗುಳಕ್ಕೂ ಬೆದರಿಕೆಗೂ ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಆದರೆ ‘ಅಡ್ಡಗಟ್ಟಿ’ ಎಂಬ ಒಂದು ಪದ ಸೇರಿದರೆ ಸಾಕು, ಅಪರಾಧಗಳ ಕಾನೂನಾದ ಭಾರತೀಯ ನ್ಯಾಯ ಸಂಹಿತೆಯ ಕಲಂ 126(2) ಬಂದು ಇಡೀ ಪ್ರಕರಣ ಸಂಜ್ಞೇಯವಾಗುತ್ತದೆ, ಅಂದರೆ ಅನುಮತಿಯಿಲ್ಲದೆಯೇ ಪೊಲೀಸರು ತನಿಖೆ ಮಾಡಬಹುದು. ಅದಕ್ಕಿರುವ ಗರಿಷ್ಠ ಸಜೆ ಎಷ್ಟು ಗೊತ್ತೇ? ಒಂದು ತಿಂಗಳು!

ಅಷ್ಟರಲ್ಲಿ ಪಕ್ಕದವನೇ ಮೆತ್ತಗಾಗಿ, ಕೇಸು ಬೇಡ ಎಂದು ನನ್ನ ಜೊತೆ ನ್ಯಾಯಾಲಯಕ್ಕೆ ಬಂದ. ಇಬ್ಬರೂ ಸರ್ಕಾರದ ಪರ ಕೇಸು ನಡೆಸುವ ವಕೀಲರಾದ ಸರ್ಕಾರಿ ಅಭಿಯೋಜಕರ ಮುಂದೆ ಕೈ ಕಟ್ಟಿ ನಿಂತೆವು. ಅವರು ಕಡತದಿಂದ ತಲೆ ಎತ್ತಲಿಲ್ಲ. “ಇದು ಸರ್ಕಾರದ ಕೇಸು ಕಣಯ್ಯ, ರಾಜಿ ಗೀಜಿ ಏನೂ ಇಲ್ಲ. ತಪ್ಪೊಪ್ಪಿಕೊಂಡು ದಂಡ ಕಟ್ಟು, ಇವತ್ತೇ ಮುಗಿಯುತ್ತದೆ. ಇಲ್ಲವೆಂದರೆ ಮೂರು ವರ್ಷ ಅಲೆದಾಡು.”

ಒಪ್ಪಿಕೊಂಡೆ. ಎರಡು ನಿಮಿಷದಲ್ಲಿ ಮುಗಿಯಿತು. ರಸೀದಿಯನ್ನು ಜೇಬಿಗಿಟ್ಟುಕೊಂಡು, ದಾರಿಯಲ್ಲಿ ಕಾಲು ಕಿಲೋ ಮೈಸೂರು ಪಾಕ್ ಕಟ್ಟಿಸಿಕೊಂಡು ಮನೆಗೆ ಹೋದೆ. ಮೈಸೂರು ಪಾಕ್! ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಆರು ತಿಂಗಳ ಮೇಲೆ ಶಾಲಾ ವ್ಯಾನಿನ ಚಾಲಕನ ಕೆಲಸ ಸಿಕ್ಕಿತು. ಪೊಲೀಸ್ ಪರಿಶೀಲನೆಯ ವರದಿ ಬಂತು: ‘ನ್ಯಾಯಾಲಯದಿಂದ ಶಿಕ್ಷೆಯಾಗಿದೆ.’ ಕೆಲಸ ಹೋಯಿತು.

ವಕೀಲರೊಬ್ಬರನ್ನು ಕೇಳಿದಾಗಲೇ ತಿಳಿದದ್ದು, ನನ್ನ ಮೇಲಿದ್ದ ಮೂರೂ ಕಲಮುಗಳು ರಾಜಿಯಾಗುವಂಥವು. ಕ್ರಿಮಿನಲ್ ಕೇಸು ನಡೆಸುವ ವಿಧಾನದ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 359ರಲ್ಲೇ ಇದೆ. ದೂರುದಾರ ಒಪ್ಪಿದರೆ ಸಾಕು, ಅಭಿಯೋಜಕರ ಅಪ್ಪಣೆ ಬೇಕಿಲ್ಲ. ರಾಜಿಯಾಗಿದ್ದರೆ ಅದು ಖುಲಾಸೆಗೆ ಸಮ. ತಪ್ಪೊಪ್ಪಿಕೊಂಡ ಮೇಲೆ ಮೇಲ್ಮನವಿಯಲ್ಲಿ ಶಿಕ್ಷೆ ಹೆಚ್ಚಾಯಿತು ಎನ್ನಬಹುದೇ ಹೊರತು ತಪ್ಪು ಮಾಡಿಲ್ಲ ಎನ್ನುವಂತಿಲ್ಲ.

ಆ ಅಭಿಯೋಜಕರನ್ನೇ ಹೋಗಿ ಕೇಳಿದೆ, ಯಾಕೆ ಸಾರ್ ಹಾಗೆ ಹೇಳಿದಿರಿ ಎಂದು. “ಒಪ್ಪಿಕೊಂಡವನು ನೀನು. ನಾನೇನು ನಿನ್ನ ಬಾಯಿ ಹಿಡಿದು ಹೇಳಿಸಿದೆನೇ?” ಅಂದರು. ಪಕ್ಕದಲ್ಲಿದ್ದ ಗುಮಾಸ್ತ ನಕ್ಕ.

ಯಾರು ಎಷ್ಟೇ ಅವಸರ ಮಾಡಿದರೂ ವಕೀಲರನ್ನು ಕೇಳದೆ ‘ಒಪ್ಪುತ್ತೇನೆ’ ಎನ್ನಬೇಡಿ. ದುಡ್ಡಿಲ್ಲದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಅದರ ಕಚೇರಿ ಅದೇ ಕಟ್ಟಡದಲ್ಲಿತ್ತು. ಆ ದಿನ ನನ್ನ ಹೆಸರು ಕೂಗುವವರೆಗೆ ನಾನು ಎರಡು ಗಂಟೆ ಕುಳಿತಿದ್ದ ಬೆಂಚು ಅದರ ಬಾಗಿಲಿಗೇ ಒರಗಿತ್ತು.